ಒಂಬತ್ತಕ್ಕಿಂತ ಮೊದಲು ನೂರು

ಮೂರು ವಾರದಲ್ಲಿ ಮನುಷ್ಯ ಎಷ್ಟು ಕಲಿಯಬಹುದು? ಸೈಕಲ್ ತುಳಿಯುವುದನ್ನು ಕಲಿಯಬಹುದು, ಮಂಡಿ ತರಚಿಕೊಳ್ಳುವುದೂ ಅದರಲ್ಲೇ ಬಂತು. ಆದರೆ ಕಣ್ಣಾಸ್ಪತ್ರೆಯ ನೋಂದಣಿ ಗುಮಾಸ್ತರು ಮೂರೇ ವಾರದಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟಿದ್ದನ್ನೆಲ್ಲ ಕಲಿತು ಮುಗಿಸಿದರು. ಬೇಕಾದರೆ ಸಾಕ್ಷಿಗೆ ಸರ್ಟಿಫಿಕೇಟು ಇತ್ತು. ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಮೇಜಿನ ಹಿಂದಿದ್ದ ‘ಸಾಲಾಗಿ ಬನ್ನಿ’ ಎಂಬ ಬೋರ್ಡನ್ನು ಇಳಿಸಿ, ಅದೇ ಮೊಳೆಗೆ ಇದನ್ನು ನೇತುಹಾಕಿದರು. ಆವತ್ತಿನಿಂದ ಜನ ಸಾಲಾಗಿ ಬರುವುದನ್ನು ಬಿಟ್ಟರು. ಆಸ್ಪತ್ರೆಯ ತುಂಬ ಅವರಿಗೆ ‘ಸರ್ಟಿಫಿಕೇಟಪ್ಪ’ ಎಂಬ ಹೆಸರು ಬಿತ್ತು. ಗುಮಾಸ್ತರು ಅದನ್ನು ಬಿರುದು ಎಂದೇ ತಿಳಿದರು.

ಆಸ್ಪತ್ರೆಯ ಸೂಪರಿಂಟೆಂಡೆಂಟ್ ಮೇಡಂ ಅವರ ಕಣ್ಣಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ: ತುಂಬಿದ ಕಾಲಂ, ಖಾಲಿ ಕಾಲಂ. ಕೇಂದ್ರ ಕಚೇರಿಗೆ ತಿಂಗಳು ತಿಂಗಳೂ ಹೋಗುವ ವರದಿಯಲ್ಲಿ ‘ಕಂಪ್ಯೂಟರಿನಲ್ಲಿ ನಡೆಯುವ ಕೆಲಸಗಳು’ ಎಂಬ ಕಾಲಂ ಆರು ವರ್ಷದಿಂದ ಖಾಲಿ ಬಿದ್ದಿತ್ತು. ಅದನ್ನು ನೆನೆದಾಗಲೆಲ್ಲ ಅವರಿಗೆ ಊಟ ಸೇರುತ್ತಿರಲಿಲ್ಲ.

“ಮೇಡಂ, ಆಪರೇಷನ್ ಪಟ್ಟೀನ ಇನ್ಮೇಲೆ ಕಂಪ್ಯೂಟರೇ ಮಾಡುತ್ತೆ,” ಎಂದರು ಗುಮಾಸ್ತರು ಒಂದು ದಿನ.

“ನಿಮಗೆ ಬರುತ್ತೇನ್ರಿ?”

ಗುಮಾಸ್ತರು ಸರ್ಟಿಫಿಕೇಟಿದ್ದ ಗೋಡೆಯ ಕಡೆ ಕೈ ತೋರಿಸಿದರು. ಮೇಡಂ ಆಗಲೇ ಪೆನ್ನಿನ ಮುಚ್ಚಳ ತೆಗೆದು ಕಾಲಂ ತುಂಬಲು ಶುರುಮಾಡಿದ್ದರು.

ಈ ಆಪರೇಷನ್ ಪಟ್ಟಿ ಎಂಥದ್ದು ಎಂದು ಹೇಳಬೇಕು. ಆ ಆಸ್ಪತ್ರೆಗೆ ಮೂರು ತಿಂಗಳಿಗೊಮ್ಮೆ ದೊಡ್ಡ ಡಾಕ್ಟರು ಬರುತ್ತಿದ್ದರು. ಒಂದೇ ದಿನ ಇದ್ದು, ಒಬ್ಬೊಬ್ಬರಿಗೆ ಒಂದೊಂದರಂತೆ ನಲವತ್ತು ಕಣ್ಣಿನ ಪೊರೆ ತೆಗೆದು, ಕೈ ತೊಳೆದು ಹೊರಟುಹೋಗುತ್ತಿದ್ದರು. ನಲವತ್ತೊಂದನೆಯವರು ಅತ್ತರೂ ಕರೆದರೂ ಮುಂದಿನ ಸಲಕ್ಕೇ. ಸೋಮವಾರ ಬೆಳಗ್ಗೆ ಬಂದವರಿಗೆ ಬಂದ ಹಾಗೆ ನಂಬರ್ ಚೀಟಿ ಕೊಡುವುದು, ಮಂಗಳವಾರ ಪಟ್ಟಿ ಗೋಡೆಗೆ ಅಂಟಿಸುವುದು, ಗುರುವಾರ ಪಟ್ಟಿಯ ಮೊದಲ ನಲವತ್ತು ಜನರನ್ನು ಒಳಗೆ ಕಳಿಸುವುದು, ಇಷ್ಟೇ ಕೆಲಸ. ಹಿಂದಿನ ಗುಮಾಸ್ತರು ಇದನ್ನು ಒಂದು ಪುಸ್ತಕ, ಒಂದು ಪೆನ್ಸಿಲ್ ಇಟ್ಟುಕೊಂಡು ಇಪ್ಪತ್ತು ವರ್ಷ ನಡೆಸಿದ್ದರು. ಪಾಪ, ಅವರಿಗೆ ಸರ್ಟಿಫಿಕೇಟು ಇರಲಿಲ್ಲ.

ಈ ಸಲದ ಪಟ್ಟಿಯ ಮೇಲೆ ಗುಮಾಸ್ತರ ಮನೆಯ ನೆಮ್ಮದಿಯೂ ನಿಂತಿತ್ತು. ಅವರ ಮಾವ ನಲವತ್ತೈದು ವರ್ಷದಿಂದ ದರ್ಜಿ. ಎರಡೂ ಕಣ್ಣಿಗೆ ಪೊರೆ ಬಂದು, ಹೋದ ತಿಂಗಳು ಗಿರಾಕಿಯೊಬ್ಬನ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದಿದ್ದರು. ಗಿರಾಕಿ ಅದನ್ನು ಹಾಕಿಕೊಂಡು, ಅಂಗಡಿಯೊಳಗೇ ಎರಡು ಸಲ ಕುಪ್ಪಳಿಸಿ ನೋಡಿ, ಬೇರೆ ದರ್ಜಿಯನ್ನು ಹುಡುಕಿಕೊಂಡ. ಮಾವ ಅಂಗಡಿಗೆ ಬೀಗ ಹಾಕಿ ಮಗಳ ಮನೆಗೆ ಬಂದರು. ದಿನಕ್ಕೆ ಹತ್ತು ಸಲ ಸೂಜಿಗೆ ದಾರ ಪೋಣಿಸಲು ನೋಡುವುದು, ಆಗದೆ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಸುಮ್ಮನೆ ಕೂರುವುದು.

“ರೀ, ಅಪ್ಪನ ಒಂದು ಕಣ್ಣಾದ್ರೂ ಈ ಸಲ ಆಗ್ಲೇಬೇಕು,” ಎಂದಳು ಗುಮಾಸ್ತರ ಹೆಂಡತಿ. “ಆಗ್ಲಿಲ್ಲ ಅಂದ್ರೆ ನೀವು ಆಸ್ಪತ್ರೇಲೇ ಇದ್ದುಬಿಡಿ. ಹಾಸಿಗೆ ಅಲ್ಲೇ ಇದ್ಯಲ್ಲ.”

“ಅದಕ್ಯಾಕೆ ಯೋಚನೆ? ಮಾವನಿಗೆ ಒಂದನೇ ನಂಬರ್ ಎತ್ತಿಡ್ತೀನಿ.”

ಮಾವ ಒಪ್ಪಲಿಲ್ಲ. “ಬೇಡಿ ಅಳಿಯಂದ್ರೇ. ನಾಳೆ ಯಾರಾದ್ರೂ ನಿಮ್ಮ ಕಡೆ ಬೆರಳು ಮಾಡಿದ್ರೆ? ಎಲ್ರ ಹಾಗೆ ನಾನೂ ಸಾಲಲ್ಲಿ ನಿಂತ್ಕೋತೀನಿ.” ಹಾಗೆಯೇ ಸೋಮವಾರ ನಸುಕಿಗೇ ಎದ್ದು, ಗೋಡೆ ತಡವಿಕೊಂಡು ಹೋಗಿ, ಒಂಬತ್ತನೇ ನಂಬರ್ ಚೀಟಿ ಹಿಡಿದು ಬಂದರು. ಅವತ್ತು ಸಂಜೆಯವರೆಗೆ ಒಟ್ಟು ನೂರ ಹನ್ನೆರಡು ಜನ ಬಂದಿದ್ದರು. ನೂರ ಹನ್ನೆರಡರಲ್ಲಿ ಒಂಬತ್ತು ಎಂದರೆ ಕಣ್ಣು ಬಂದ ಹಾಗೆಯೇ ಲೆಕ್ಕ.

ಗುಮಾಸ್ತರು ಪಟ್ಟಿಗಾಗಿ ಹನ್ನೊಂದು ಸಾಲಿನ ಒಂದು ಪ್ರೋಗ್ರಾಂ ಬರೆದಿದ್ದರು. ಬರೆಯಲು ಹಿಡಿದದ್ದು ನಾಲ್ಕು ದಿನ. ಒಂಬತ್ತನೇ ಸಾಲಿನಲ್ಲಿ ತಪ್ಪು ಮಾಡಿದರೆ ಕಂಪ್ಯೂಟರು ಹತ್ತನೇ ಸಾಲಿನಲ್ಲಿ ತಪ್ಪಿದೆ ಎನ್ನುತ್ತಿತ್ತು. ಇವರು ಹತ್ತನೇ ಸಾಲನ್ನು ಸರಿಮಾಡಿದರೆ ಈಗ ಎರಡರಲ್ಲೂ ತಪ್ಪಿದೆ ಎನ್ನುತ್ತಿತ್ತು. ಒಂದು ಅರ್ಧವಿರಾಮ ಬಿಟ್ಟುಹೋದದ್ದಕ್ಕೆ ನಲವತ್ತು ಸಾಲು ಬೈದಿತ್ತು, ಅದೂ ಕೆಂಪಕ್ಷರದಲ್ಲಿ. ಕೊನೆಗೆ ಒಂದು ಮಧ್ಯಾಹ್ನ ಯಾವ ಕಾರಣವೂ ಇಲ್ಲದೆ ಬಯ್ಯುವುದನ್ನು ನಿಲ್ಲಿಸಿತು. ಬಯ್ಯುವುದು ನಿಂತರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ ಎಂದು ಗುಮಾಸ್ತರು ಸಂಸಾರದ ಅನುಭವದಿಂದ ತೀರ್ಮಾನಿಸಿದರು.

ಮಂಗಳವಾರ ಪಟ್ಟಿ ಹೊರಗೆ ಬಂತು. ಗುಮಾಸ್ತರು ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ಕಂಪ್ಯೂಟರ್ ಮಾಡಿದ್ದನ್ನು ಮತ್ತೆ ಮನುಷ್ಯ ಓದಿದರೆ ಕಂಪ್ಯೂಟರ್ ಯಾಕೆ? ಗೋಡೆಗೆ ಅಂಟಿಸಿ ಕೈ ಒರೆಸಿಕೊಂಡರು. ಹತ್ತು ನಿಮಿಷದಲ್ಲಿ ಬಾಗಿಲಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರು ಪ್ರತ್ಯಕ್ಷರಾದರು. ಅವರದ್ದು ನಾಲ್ಕನೇ ನಂಬರ್.

“ಏನಪ್ಪಾ, ನಾನು ಎಷ್ಟನೆಯವನು?”

“ನಾಲ್ಕು ಸಾರ್.”

“ಪಟ್ಟೀಲಿ ನಲವತ್ತೇಳನೇ ಜಾಗದಲ್ಲಿದ್ದೀನಿ. ಮೊದಲು ಒಂದು. ಅದಾದ ಮೇಲೆ ಹತ್ತು. ಅದಾದ ಮೇಲೆ ನೂರು. ನೂರರಿಂದ ನೂರ ಒಂಬತ್ತರವರೆಗೆ ಎಲ್ಲಾ ಆದ ಮೇಲೆ ಹನ್ನೊಂದು. ಎರಡು ಅನ್ನೋದು ಇಪ್ಪತ್ತೈದನೇ ಜಾಗದಲ್ಲಿ ಕೂತಿದೆ. ಮೂವತ್ತನಾಲ್ಕು ವರ್ಷ ಲೆಕ್ಕ ಹೇಳಿಕೊಟ್ಟಿದ್ದೀನಿ. ಎರಡಕ್ಕಿಂತ ಮುಂಚೆ ನೂರು ಬರೋದು ಯಾವ ಶಾಲೇಲಿ?”

ಗುಮಾಸ್ತರು ಪಟ್ಟಿ ನೋಡಲು ಕುರ್ಚಿಯಿಂದ ಅರ್ಧ ಎದ್ದರು. ಆದರೆ ಬೆನ್ನ ಹಿಂದೆ ಸರ್ಟಿಫಿಕೇಟು ಇತ್ತು. ಮತ್ತೆ ಕೂತು ಹೇಳಿದರು: “ಸಾರ್, ನಿಮ್ಮದು ಶಾಲೆ ಲೆಕ್ಕ. ಇದು ಕಂಪ್ಯೂಟರ್ ಲೆಕ್ಕ. ಇದು ಮೇಲಿನ ಮಟ್ಟದ್ದು.”

ಮೇಷ್ಟ್ರು ಅವರನ್ನು, ಹಿಂದಿನ ಬೆಂಚಿನ ವಿದ್ಯಾರ್ಥಿಯನ್ನು ನೋಡುವಂತೆ ನೋಡಿ ಹೋದರು. ಅವರು ಮರೆಯಾದದ್ದೇ ತಡ, ಗುಮಾಸ್ತರು ಗೋಡೆಗೆ ಓಡಿದರು. ಬೆರಳಿಟ್ಟು ಹುಡುಕಿದರು. ಒಂಬತ್ತು ಎಂಬತ್ತೊಂಬತ್ತರ ಕೆಳಗೆ, ತೊಂಬತ್ತರ ಮೇಲೆ, ನೂರ ಎರಡನೇ ಜಾಗದಲ್ಲಿತ್ತು.

ಕಂಪ್ಯೂಟರನ್ನು ಆರಿಸಿ ಹಾಕಿದರು. ಅದೇ ಪಟ್ಟಿ. ಮತ್ತೆ ಆರಿಸಿ, ಹತ್ತು ಎಣಿಸಿ ಹಾಕಿದರು. ಅದೇ ಪಟ್ಟಿ, ಈ ಸಲ ಮೂರು ಪ್ರತಿ. ಎಲ್ಲವನ್ನೂ ಹರಿದು ಬುಟ್ಟಿಗೆ ಹಾಕಿದರು. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಬಂದು, ಪೆಟ್ಟಿಗೆಯ ಪಕ್ಕೆಗೆ ಅಂಗೈಯಿಂದ ಒಂದೇಟು ಕೊಟ್ಟು, “ಕರೆಂಟ್ ಸರಿಯಾಗಿದೆ, ಮಿಕ್ಕಿದ್ದು ನಿಮ್ಮ ಸರ್ಟಿಫಿಕೇಟು ನೋಡ್ಕೋಬೇಕು,” ಎಂದು ಹೋದ. ಮೇಡಂ ಹತ್ತಿರ ಹೋದರೆ ಅವರು ತಲೆ ಎತ್ತದೆ ಹೇಳಿದರು: “ಕಾಲಂ ತುಂಬಿ ಕಳಿಸಿ ಆಯ್ತು. ಕಂಪ್ಯೂಟರ್ ಮಾಡಿದೆ ಅಂದ್ಮೇಲೆ ಸರಿಯಾಗೇ ಇರುತ್ತೆ. ನೀವು ಹೋಗಿ ಕೆಲಸ ನೋಡಿ.”

ಆ ಸಂಜೆ ಮನೆಯಲ್ಲಿ ಏನಾಯಿತು ಎಂಬುದನ್ನು ವಿವರವಾಗಿ ಹೇಳಿದರೆ ಗುಮಾಸ್ತರ ಮರ್ಯಾದೆ ಹೋಗುತ್ತದೆ. ಸ್ವಲ್ಪ ಹೇಳಬಹುದು.

“ನೂರ ಎರಡನೇ ಜಾಗಾನಾ?” ಎಂದಳು ಹೆಂಡತಿ. “ಐದು ಗಂಟೆಗೆ ಎದ್ದು ಹೋದ ನಮ್ಮಪ್ಪ ನೂರ ಎರಡು. ಹನ್ನೊಂದು ಗಂಟೆಗೆ ಆಕಳಿಸ್ಕೊಂಡು ಬಂದ ಮೊಟ್ಟೆ ಅಂಗಡಿ ಅಜ್ಜಿ ಮೂರು. ಈ ಪಟ್ಟಿ ಮಾಡಿದ್ದು ಯಾರು?”

“ಕಂಪ್ಯೂಟರ್.”

“ಕಂಪ್ಯೂಟರಿಗೆ ಹೇಳಿದ್ದು ಯಾರು?”

ಮಾವ ಮಾತ್ರ ಬೇಸರ ತೋರಿಸಲಿಲ್ಲ. ಗೋಡೆಯ ಕಡೆ ಮುಖ ಮಾಡಿ, “ಒಂದು, ಹತ್ತು, ನೂರು... ಹೀಗಾ ಅದರ ಅಳತೆ?” ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡರು. ಅವರು ಬಟ್ಟೆ ಕೊಡುವ ಗಿರಾಕಿಯ ಮೈ ನೋಡಿ ಹೊಲಿಯುವವರು, ಮೈ ಸರಿಯಿಲ್ಲ ಎಂದು ಗಿರಾಕಿಯೊಡನೆ ಜಗಳಕ್ಕೆ ಹೋಗುವವರಲ್ಲ.

ಬುಧವಾರ ಬೆಳಗ್ಗೆ ಗುಮಾಸ್ತರು ಕಂಪ್ಯೂಟರ್ ಕ್ಲಾಸಿಗೆ ಓಡಿದರು. ಅವರಿಗೆ ಪಾಠ ಹೇಳಿದ ಟೀಚರ್ ಅವರ ಅರ್ಧ ವಯಸ್ಸಿನ ಹುಡುಗಿ. ಹನ್ನೊಂದು ಸಾಲನ್ನೂ ಓದಿ, ಕೆಳಗಿದ್ದ ನಂಬರುಗಳನ್ನು ನೋಡಿ, ಕಣ್ಣುಜ್ಜಿಕೊಂಡಳು.

“ಅಂಕಲ್, ಒಂದೊಂದು ನಂಬರಿಗೂ ಆಚೆ ಈಚೆ ಉದ್ಧರಣ ಚಿಹ್ನೆ ಯಾಕೆ ಹಾಕಿದ್ದೀರಿ?”

“ಕಚೇರಿ ಪದ್ಧತಿ ಅಮ್ಮಾ. ಮುಖ್ಯವಾದದ್ದನ್ನೆಲ್ಲ ನಾವು ಚಿಹ್ನೆ ಒಳಗೇ ಬರೆಯೋದು. ಬರಿ ಮೈಯಲ್ಲಿ ಹಾಗೇ ಬಿಟ್ರೆ ನಂಬರಿಗೆ ಏನು ಮರ್ಯಾದೆ?”

“ಆ ಚಿಹ್ನೆ ಹಾಕಿದ್ರೆ ಅದು ನಂಬರ್ ಅಲ್ಲ, ಬರೀ ಅಕ್ಷರ. ಅಕ್ಷರಗಳನ್ನ ನಿಘಂಟಿನ ಥರ ಜೋಡಿಸುತ್ತೆ. ನೂರರ ಮೊದಲನೇ ಅಂಕಿ ಒಂದು, ಅದು ಒಂಬತ್ತಕ್ಕಿಂತ ಮುಂಚೆ. ಅಷ್ಟು ಗೊತ್ತಾದ್ರೆ ಸಾಕು, ಮುಂದೆ ನೋಡೋದೇ ಇಲ್ಲ.”

“ಹಾಗಾದ್ರೆ ತಪ್ಪು ಕಂಪ್ಯೂಟರಿನದು.”

“ಇಲ್ಲ ಅಂಕಲ್. ನೀವು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದೆ. ಅದರ ಕೆಟ್ಟ ಗುಣ ಅದೊಂದೇ.” ಅವಳು ನಕ್ಕಳು. “ಇದು ಪರವಾಗಿಲ್ಲ. ಇನ್ನೊಂದು ಭಾಷೆ ಇದೆ, ಅದರಲ್ಲಿ ಚಿಹ್ನೆ ಹಾಕಿದ ಒಂದಕ್ಕೆ ಒಂದು ಕೂಡಿಸಿ ಅಂದ್ರೆ ಹನ್ನೊಂದು ಅನ್ನುತ್ತೆ. ಆ ಹನ್ನೊಂದರಲ್ಲಿ ಒಂದು ಕಳೀರಿ ಅಂದ್ರೆ ಸರಿಯಾಗಿ ಹತ್ತು ಅನ್ನುತ್ತೆ. ಅದೇ ಭಾಷೇಲಿ ತಾರೀಕು ಒಂದರಿಂದ ಶುರು, ತಿಂಗಳು ಸೊನ್ನೆಯಿಂದ.”

“ಯಾಕೆ?”

“ಅದನ್ನ ಮಾಡಿದವರನ್ನೇ ಕೇಳ್ಬೇಕು. ಈಗ ಎಲ್ರಿಗೂ ಅಭ್ಯಾಸ ಆಗಿಹೋಗಿದೆ, ಸರಿ ಮಾಡಿದ್ರೆ ಪ್ರಪಂಚ ನಿಂತುಹೋಗುತ್ತಂತೆ.”

ಈ ಮಾತನ್ನು ಗುಮಾಸ್ತರು ಗಮನವಿಟ್ಟು ಕೇಳಬೇಕಿತ್ತು. ಕೇಳಲಿಲ್ಲ. ನೂರ ಹನ್ನೆರಡು ನಂಬರಿಗೆ ಎರಡೆರಡರಂತೆ ಇನ್ನೂರ ಇಪ್ಪತ್ತನಾಲ್ಕು ಚಿಹ್ನೆ ಅಳಿಸಬೇಕೆಂದು ಲೆಕ್ಕ ಹಾಕುತ್ತಾ ಆಸ್ಪತ್ರೆಗೆ ಓಡಿ, ಹಿಂದಿನ ಕೋಣೆ ಸೇರಿ, ಚಿಲಕ ಹಾಕಿಕೊಂಡರು.

ಐವತ್ತು ನಂಬರ್ ಮುಗಿಯುವಷ್ಟರಲ್ಲಿ ಪರದೆ ನೀಲಿಯಾಗಿ, ‘ನಿಮ್ಮ ಅನುಕೂಲಕ್ಕಾಗಿ ಹೊಸ ಸುಧಾರಣೆಗಳನ್ನು ಅಳವಡಿಸಲಾಗುತ್ತಿದೆ, ದಯವಿಟ್ಟು ಆರಿಸಬೇಡಿ’ ಎಂಬ ಒಕ್ಕಣೆ ಬಂತು. ಸುಧಾರಣೆ ಬೇಕೆಂದು ಅದನ್ನು ಯಾರೂ ಕೇಳಿರಲಿಲ್ಲ. ಶೇಕಡಾ ಮೂವತ್ತರವರೆಗೆ ಕುದುರೆಯಂತೆ ಓಡಿ, ಅಲ್ಲಿ ಒಂದೂವರೆ ಗಂಟೆ ನಿಂತು, ಆಮೇಲೆ ಒಮ್ಮೆಲೇ ನೂರಾಯಿತು. ತೆರೆದು ನೋಡಿದರೆ ಸುಧಾರಿಸಿದ್ದು ಒಂದೇ: ಗಡಿಯಾರ ಎಡಗಡೆಯಿಂದ ಬಲಗಡೆಗೆ ಹೋಗಿತ್ತು. ಅಳಿಸಿದ ಐವತ್ತು ನಂಬರುಗಳ ಚಿಹ್ನೆಗಳು ಮತ್ತೆ ಬಂದು ಕೂತಿದ್ದವು. ಗುಮಾಸ್ತರು ಹಲ್ಲು ಕಚ್ಚಿಕೊಂಡು ಮೊದಲಿನಿಂದ ಶುರುಮಾಡಿದರು.

ಸಂಜೆ ಆರಕ್ಕೆ ಹೊಸ ಪಟ್ಟಿ ಬಂತು. ಒಂದು, ಎರಡು, ಮೂರು, ನಾಲ್ಕು... ಒಂಬತ್ತು ಒಂಬತ್ತನೇ ಜಾಗದಲ್ಲಿತ್ತು. ಗುಮಾಸ್ತರ ಕಣ್ಣಲ್ಲಿ ನೀರಾಡಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತಮ್ಮ ಕೈಯಾರೆ ಅವರು ಸರಿಯಾಗಿ ಮಾಡಿದ ಮೊದಲ ಕೆಲಸ ಅದು. ಆಸ್ಪತ್ರೆ ಖಾಲಿಯಾಗಿತ್ತು. ಹಳೆಯ ಪಟ್ಟಿಯ ಮೇಲೇ ಹೊಸದನ್ನು ಅಂಟಿಸಿ, ನಾಲ್ಕು ಮೂಲೆಗೂ ಗುದ್ದಿ, ಎದೆ ಉಬ್ಬಿಸಿ ಮನೆಗೆ ಹೋದರು.

“ಮಾವ, ಸರಿ ಮಾಡಿಬಿಟ್ಟೆ. ಪಟ್ಟೀಲಿ ಒಂಬತ್ತು ಈಗ ಒಂಬತ್ತನೇ ಜಾಗದಲ್ಲೇ ಇದೆ.”

ಮಾವನ ಮುಖ ಸಣ್ಣದಾಯಿತು. ಮಗಳ ಕಡೆ ನೋಡಿದರು. ಮಗಳು ಗಂಡನ ಕಡೆ ನೋಡಿದಳು. ಮಾವ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಕೊಟ್ಟರು. ನಂಬರ್ ಬದಲಾವಣೆಯ ಅರ್ಜಿ, ಕೆಳಗೆ ಮೇಡಂ ಸಹಿ, ಪಕ್ಕದಲ್ಲಿ ದುಂಡು ಮೊಹರು.

“ನಾನೀಗ ಒಂಬತ್ತಲ್ಲ ಅಳಿಯಂದ್ರೇ. ನೂರು.”

ನಡೆದದ್ದು ಇಷ್ಟು. ಗುಮಾಸ್ತರು ಹಿಂದಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಚಿಹ್ನೆ ಅಳಿಸುತ್ತಿದ್ದಾಗ, ಮುಂದಿನ ಬೆಂಚಿನ ಮೇಲೆ ಮಾವ ಮತ್ತು ಮೇಷ್ಟ್ರು ಕೂತು ಪಟ್ಟಿಯ ಒಳಗುಟ್ಟನ್ನು ಬಿಡಿಸಿದ್ದರು. ಬೇಗ ಬಂದೂ ಹೊರಗುಳಿದವರು ಹದಿಮೂರು ಜನ: ನಾಲ್ಕರಿಂದ ಒಂಬತ್ತು, ಮೂವತ್ತನಾಲ್ಕರಿಂದ ನಲವತ್ತು. ಅವರ ಜಾಗದಲ್ಲಿ ಒಳಗೆ ಹೊಕ್ಕವರೂ ಹದಿಮೂರೇ ಜನ: ನೂರರಿಂದ ನೂರ ಹನ್ನೆರಡು. ಇವರೆಲ್ಲ ತಡವಾಗಿ ಬಂದದ್ದು ಸೋಮಾರಿತನದಿಂದ ಅಲ್ಲ, ಹೆದರಿಕೆಯಿಂದ. ಹೇಗೂ ನಂಬರ್ ಸಿಗುವುದಿಲ್ಲ, ಮಕ್ಕಳ ಕಾಟ ಮೂರು ತಿಂಗಳು ತಪ್ಪುತ್ತದೆ ಎಂದು ಬಂದವರು, ಪಟ್ಟಿಯ ತಲೆಯಲ್ಲೇ ತಮ್ಮ ನಂಬರ್ ನೋಡಿ ಗಡಗಡ ನಡುಗುತ್ತಿದ್ದರು. ಮಾವ ಒಂದು ಮಾತು ಕೇಳಿದ್ದೇ ತಡ, ಮೊಟ್ಟೆ ಅಂಗಡಿ ಅಜ್ಜಿ ನೂರನೇ ಚೀಟಿಯನ್ನು ಅವರ ಕೈಗೆ ತುರುಕಿ, ಒಂಬತ್ತನ್ನು ಕಿತ್ತುಕೊಂಡಿದ್ದಳು. ಉಳಿದ ಹನ್ನೆರಡು ಜನರೂ ಹಾಗೇ ಮಾಡಿದರು. ಮೇಡಂ ಹದಿಮೂರು ಅರ್ಜಿಗೂ ‘ಪಟ್ಟಿಯಂತೆ’ ಎಂದು ಬರೆದು ಸಹಿ ಹಾಕಿದ್ದರು.

ಗುಮಾಸ್ತರಿಗೆ ಲೆಕ್ಕ ನಿಧಾನವಾಗಿ ತಲೆಗೆ ಹತ್ತಿತು. ತಪ್ಪು ಪಟ್ಟಿ ಇದ್ದಿದ್ದರೆ, ಬೇಗ ಬಂದ ನಲವತ್ತು ಜನರೇ ಒಬ್ಬರೂ ತಪ್ಪದೆ ಒಳಗೆ ಹೋಗುತ್ತಿದ್ದರು. ಈಗ ಪಟ್ಟಿ ಸರಿಯಾಗಿದೆ, ಒಳಗೆ ಹೋಗುವವರು ತಪ್ಪಾಗಿದ್ದಾರೆ. ಮಾವ ನೂರನೇ ಜಾಗದಲ್ಲಿದ್ದಾರೆ.

“ನೀವು ಒಂದೇ ಒಂದು ದಿನ ಕೈಕಟ್ಟಿ ಸುಮ್ಮನೆ ಕೂತಿದ್ರೆ ಸಾಕಾಗಿತ್ತಲ್ರೀ,” ಎಂದಳು ಹೆಂಡತಿ. ಬೈಯಲಿಲ್ಲ, ಮೆಲ್ಲಗೇ ಹೇಳಿದಳು. ಬೈದಿದ್ದರೇ ವಾಸಿಯಿತ್ತು ಎನಿಸಿತು ಗುಮಾಸ್ತರಿಗೆ.

ಗುರುವಾರ ಏಳು ಗಂಟೆಗೆ ಆಸ್ಪತ್ರೆಯ ಮುಂದೆ ಜಾತ್ರೆ ಸೇರಿತ್ತು. ದೊಡ್ಡ ಡಾಕ್ಟರು ಒಂಬತ್ತಕ್ಕೆ ಬರುವವರು. ಮೊದಲು ಗುಮಾಸ್ತರ ಕೈ ಹಿಡಿದದ್ದು ಮೊಟ್ಟೆ ಅಂಗಡಿ ಅಜ್ಜಿ.

“ಅಲ್ಲಪ್ಪಾ, ಹೆದರಿಕೊಂಡು ತಡವಾಗಿ ಬಂದೆ. ನೂರು ಕೊಟ್ಟು ಮುಂದಕ್ಕೆ ತಳ್ಳಿದೆ. ಬೇಡ ಅಂತ ಒಂಬತ್ತಕ್ಕೆ ಬದಲಾಯಿಸ್ಕೊಂಡೆ, ಮತ್ತೆ ಮುಂದಕ್ಕೆ ತಳ್ಳಿದೀಯ. ನನ್ನ ಕಣ್ಣೊಂದೇ ಕಾಣ್ಸುತ್ತಾ ನಿನಗೆ?”

ಅವಳ ಹಿಂದೆ ಮೇಷ್ಟ್ರು, ಕೈಯಲ್ಲಿ ನೂರ ಏಳನೇ ನಂಬರ್ ಚೀಟಿ. “ಯಾರಪ್ಪ ಈ ಪಟ್ಟಿ ಕೆಡಿಸಿದ್ದು? ಮೊದಲಿದ್ದ ಪಟ್ಟೀಲಿ ಒಂದು ಶಿಸ್ತಿತ್ತು. ಮೊದಲನೇ ಅಂಕಿ ನೋಡು, ಆಮೇಲೆ ಎರಡನೇದು ನೋಡು. ನೂರ ಏಳು ನಾಲ್ಕಕ್ಕಿಂತ ಮುಂಚೆ ಬರೋದೇ ನ್ಯಾಯ. ಈಗಿನದು ಒಂದು, ಎರಡು, ಮೂರು, ನಾಲ್ಕು ಅಂತ... ಇದೇನು ಒಂದನೇ ಕ್ಲಾಸಾ?”

“ಸಾರ್, ಮೊನ್ನೆ ನೀವೇ...”

“ಮೊನ್ನೆ ನನಗೆ ವಿಷಯ ಗೊತ್ತಿರ್ಲಿಲ್ಲ. ಕಲಿಯೋಕೆ ವಯಸ್ಸಿನ ಹಂಗಿಲ್ಲ.”

ಗದ್ದಲ ಕೇಳಿ ಮೇಡಂ ಹೊರಗೆ ಬಂದರು. ಪಟ್ಟಿ ನೋಡಿದರು, ಗುಮಾಸ್ತರನ್ನು ನೋಡಿದರು.

“ಇದು ಯಾವ ಪಟ್ಟಿ?”

“ಸರಿಯಾದ ಪಟ್ಟಿ ಮೇಡಂ. ಮೊದಲಿನದು ತಪ್ಪಿತ್ತು.”

“ನಾನು ಹದಿಮೂರು ಸಹಿ ಹಾಕಿರೋದು ಯಾವುದಕ್ಕೆ?”

“ತಪ್ಪಿದ್ದಕ್ಕೆ ಮೇಡಂ.”

“ನಾನು ಸಹಿ ಹಾಕಿದ್ದು ತಪ್ಪು ಅಂತ ಬರೆಯೋಕೆ ವರದೀಲಿ ಕಾಲಂ ಇಲ್ಲ,” ಎಂದರು ಮೇಡಂ. “ಒಂಬತ್ತು ಗಂಟೆ ಒಳಗೆ ಮೊದಲಿನದು ಅಲ್ಲಿರ್ಬೇಕು.”

ಗುಮಾಸ್ತರು ಕಂಪ್ಯೂಟರಿನ ಮುಂದೆ ಕೂತು ಹಳೆಯ ಪಟ್ಟಿಯನ್ನು ಹುಡುಕಿದರು. ‘ಪಟ್ಟಿ’ ಇತ್ತು, ‘ಪಟ್ಟಿ ಕೊನೆಯದು’ ಇತ್ತು, ‘ಪಟ್ಟಿ ನಿಜವಾಗಿ ಕೊನೆಯದು’ ಇತ್ತು, ‘ಪಟ್ಟಿ ಇದೇ ಕೊನೆಯದು ಆಣೆ’ ಕೂಡ ಇತ್ತು. ಒಂದೊಂದನ್ನೂ ತೆರೆದು ನೋಡಿದರೆ ನಾಲ್ಕೂ ಸರಿಯಾದ ಪಟ್ಟಿಯೇ. ತಪ್ಪು ಮಾಡುವಾಗ ನೀರು ಕುಡಿದಷ್ಟು ಸಲೀಸಾಗಿತ್ತು, ಬೇಕೆಂದಾಗ ಒಂದು ತಪ್ಪೂ ಕೈಗೆ ಸಿಗಲಿಲ್ಲ. ಎಂಟೂವರೆಯಾಯಿತು. ಚಿಹ್ನೆಗಳನ್ನೆಲ್ಲ ಮತ್ತೆ ಹಾಕಿಬಿಡೋಣ ಎಂದು ಮೊದಲನೇ ಚಿಹ್ನೆ ಒತ್ತಿದರು. ಪರದೆ ನೀಲಿಯಾಯಿತು. ‘ನಿಮ್ಮ ಅನುಕೂಲಕ್ಕಾಗಿ’ ಎಂದು ಶುರುವಾಯಿತು. ಗುಮಾಸ್ತರು ತಲೆಯ ಮೇಲೆ ಕೈ ಹೊತ್ತು ಕೂತರು. ಕಿಟಕಿಯಾಚೆ ಬೆಂಚಿನ ತುದಿಯಲ್ಲಿ ಮಾವ ನೂರನೇ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಣದ ಪಟ್ಟಿಯ ಕಡೆಗೇ ಮುಖ ಮಾಡಿ ಕಾಯುತ್ತಿದ್ದರು.

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಎಲ್ಲಿಂದಲೋ ಒಂದು ಒದ್ದೆ ಬಟ್ಟೆ ತಂದ. ಹೊಸ ಪಟ್ಟಿಯ ಮೇಲೆ ಎರಡು ಸಲ ಉಜ್ಜಿ, ಮೂಲೆ ಹಿಡಿದು ನಿಧಾನವಾಗಿ ಎಳೆದ. ಸಿಪ್ಪೆ ಸುಲಿದಂತೆ ಸರಿಯಾದ ಪಟ್ಟಿ ಕೈಗೆ ಬಂತು. ಕೆಳಗೆ ತಪ್ಪು ಪಟ್ಟಿ ಸ್ವಲ್ಪವೂ ಕೆಡದೆ ನಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಒಳಗೆ ಶೇಕಡಾ ಮೂವತ್ತಾಗಿತ್ತು.

ಮಾವ ಮೂರನೆಯವರಾಗಿ ಒಳಗೆ ಹೋದರು. ಸಂಜೆಯ ಹೊತ್ತಿಗೆ ನಲವತ್ತು ಕಣ್ಣೂ ಮುಗಿದವು. ಕೇಂದ್ರ ಕಚೇರಿಯಿಂದ ಮೇಡಂ ಅವರಿಗೆ ಮೆಚ್ಚುಗೆಯ ಪತ್ರ ಬಂತು. ಎಲ್ಲ ಆಸ್ಪತ್ರೆಗಳೂ ಇದೇ ಪದ್ಧತಿ ಅನುಸರಿಸಬೇಕೆಂದು, ಅದನ್ನು ಕಲಿಸಲು ಗುಮಾಸ್ತರನ್ನು ಕಳಿಸಿಕೊಡಬೇಕೆಂದು ಅದರಲ್ಲಿ ಬರೆದಿತ್ತು. ಆದರೆ ಅದೆಲ್ಲ ಒಂದು ತಿಂಗಳ ಮೇಲಿನ ಮಾತು.

ಶುಕ್ರವಾರ ಬೆಳಗ್ಗೆ ಮಾವನ ಬಲಗಣ್ಣಿನ ಪಟ್ಟಿ ಬಿಚ್ಚಿದರು. ಮಾವ ರೆಪ್ಪೆ ಬಡಿದರು. ಮಗಳ ಮುಖ ನೋಡಿ, “ಎಷ್ಟು ಸೊರಗಿದ್ದೀಯಮ್ಮಾ,” ಎಂದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು. ಗುಮಾಸ್ತರೂ ಮೂಗು ಒರೆಸಿಕೊಂಡರು. ಮೂವರೂ ಮೆಲ್ಲಗೆ ಹೊರಗೆ ಬರುವಾಗ ಮಾವ ಗೋಡೆಯ ಮುಂದೆ ನಿಂತರು. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಕಣ್ಣಿನಲ್ಲಿ, ತಾವೇ, ಯಾರ ಸಹಾಯವೂ ಇಲ್ಲದೆ ಓದಿದರು.

“ಅಳಿಯಂದ್ರೇ, ಇಷ್ಟು ತಪ್ಪಿತ್ತಾ ಇದು?”

ಗುಮಾಸ್ತರು ನಾಚಿಕೊಂಡರು. “ಇದನ್ನ ಸರಿ ಮಾಡೋದು ನನಗೀಗ ಗೊತ್ತು ಮಾವ. ಮುಂದಿನ ಸಲಕ್ಕೆ ಖಂಡಿತ ಸರಿ ಮಾಡಿಡ್ತೀನಿ.”

ಮಾವ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ದಯವಿಟ್ಟು ಅದನ್ನ ಮುಟ್ಟಬೇಡಿ. ಎಡಗಣ್ಣು ಇನ್ನೂ ಬಾಕಿ ಇದೆ. ಆ ಸಲ ಹಾಯಾಗಿ ಮಲಗೆದ್ದು, ಹನ್ನೊಂದು ಗಂಟೆಗೆ ಬರ್ತೀನಿ.”